ಇಂಗ್ಲಿಷ್ ಪದ ಹುಡುಕುವ ಆ್ಯಪ್: ನಾಲ್ಕು ಮಳೆಗಾಲ ಕಳೆದ ಮೇಲೆ

ಅಂಕ: 5ಕ್ಕೆ 3.5. ಹುಡುಕಾಟಕ್ಕೆ ನಾಲ್ಕೂವರೆ ಧಾರಾಳವಾಗಿ ಕೊಡಬಹುದು. ಅರ್ಥದ ವಿಭಾಗಕ್ಕೆ ಎರಡೂವರೆ ಕೊಟ್ಟರೇ ಹೆಚ್ಚು.

ಎಷ್ಟು ಅಕ್ಷರದ ಪದ ಬೇಕು, ಯಾವ ಅಕ್ಷರ ಇರಬೇಕು, ಯಾವುದು ಇರಕೂಡದು ಎಂದು ತುಂಬಿದರೆ ಹೊಂದುವ ಪದಗಳನ್ನೆಲ್ಲ ಅರ್ಥದ ಸಮೇತ ಪಟ್ಟಿ ಮಾಡಿಕೊಡುವ ಉಚಿತ ಆ್ಯಪ್ ಇದು. ಪ್ಲೇ ಸ್ಟೋರಿನಲ್ಲಿ ಇಂಥವು ಹತ್ತಾರಿವೆ, ಒಳಗಿನ ಕಟ್ಟೋಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೆಳಗಿನ ಮಾತು ಬಹುತೇಕ ಎಲ್ಲಕ್ಕೂ ಹೊಂದುತ್ತದೆ. ಶಿರಸಿಯ ಒಂದು ಮನೆ, ಕಾರವಾರದ ಒಂದು ಮನೆ, ಎರಡೂ ಕಡೆ ವರ್ಡಲ್ (ಐದಕ್ಷರದ ಪದ ಊಹಿಸುವ ಆಟ), ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ) ಮತ್ತು ಹೈಸ್ಕೂಲು ಮಕ್ಕಳ ಇಂಗ್ಲಿಷ್ ಅಭ್ಯಾಸಕ್ಕೆ ಇದೇ ಆಧಾರ.

ಮೊದಲ ಎಡವಟ್ಟು ಉದ್ದದ ಚೌಕದಲ್ಲೇ ಆಗುತ್ತದೆ. ಕನ್ನಡ ಮಾಧ್ಯಮದ ಮಾಣಿ-ಕೂಸುಗಳು ಅಕ್ಷರ ಎಣಿಸುವುದು ಕಿವಿಯಿಂದ. ‘ಸ್ಟ್ರೆಂಗ್ತ್’ ಅವರಿಗೆ ಎರಡೇ ಅಕ್ಷರ, ಇಂಗ್ಲಿಷಿನಲ್ಲಿ ಎಂಟು. ‘ಬೀಟಲ್’ ಎಂದರೆ ಇನ್ನೂ ಗೊಂದಲ: ಐದಕ್ಷರದ್ದು ವೀಳ್ಯದೆಲೆ, ಆರಕ್ಷರದ್ದು ಜೀರುಂಡೆ, ಕಿವಿಗೆ ಎರಡೂ ಒಂದೇ. ಬೆರಳು ಮಡಚುತ್ತ ಬಿ-ಇ-ಟಿ-ಇ-ಎಲ್ ಎಂದು ಬಾಯಿಬಿಟ್ಟು ಹೇಳಿಸಿ, ಆಮೇಲೆ ಸಂಖ್ಯೆ ತುಂಬಿಸಬೇಕು. ಒಂದು ವಾರ ಹೀಗೆ ಮಾಡಿಸಿದರೆ ಉಚ್ಚಾರವಿಲ್ಲದ ಅಕ್ಷರಗಳೂ ತಾವಾಗಿ ನೆನಪಿನಲ್ಲಿ ಕೂರುತ್ತವೆ.

‘ಒಳಗೊಂಡಿರುವ’ ಎಂಬ ಚೌಕ ಎರಡು ಬಗೆಯದು, ಬಹಳ ಜನ ಗಮನಿಸುವುದಿಲ್ಲ. ಒಂದರಲ್ಲಿ ತುಂಬಿದ ಅಕ್ಷರಗಳು ಪದದಲ್ಲಿ ಎಲ್ಲಿದ್ದರೂ ಸರಿ, ಇನ್ನೊಂದರಲ್ಲಿ ಅದೇ ಕ್ರಮದಲ್ಲಿ ಅಂಟಿಕೊಂಡೇ ಇರಬೇಕು. ಎರಡು ಇ ಇರುವ ಪದ ಬೇಕೆಂದು ಎರಡನೆಯದರಲ್ಲಿ ಇ-ಇ ತುಂಬಿದರೆ ‘ಗೀಸ್’ ಬರುತ್ತದೆ, ಐದಕ್ಷರದ ‘ಬೀಟಲ್’ ಬರುವುದಿಲ್ಲ, ‘ಸೇನ್’ ಕೂಡ ಬರುವುದಿಲ್ಲ. ಎಸ್-ಇ-ಐ-ಎನ್-ಇ, ಸೇನ್, ಎಂದರೆ ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಮೀನು ಸುತ್ತುವ ದೊಡ್ಡ ಬಲೆ. ಕಾರವಾರದ ದಡದಲ್ಲಿ ಎಳೆಯುವ ರಂಪಣಿ ಇದೇ ಜಾತಿಯದು. ಬಂದರಿನಲ್ಲಿ ಎಲ್ಲರೂ ಹೇಳುವ ‘ಪರ್ಸಿನ್ ಬೋಟ್’ನ ‘ಪರ್ಸಿನ್’ (ಪರ್ಸ್ ಸೇನ್) ಎಂಬ ಪದದ ಬಾಲದಲ್ಲಿ ಇರುವುದೂ ಈ ಸೇನ್. ಕೆಲವು ಆ್ಯಪ್‌ಗಳು ಒಂದೇ ಅಕ್ಷರ ಎರಡು ಸಲ ತುಂಬಿದರೆ ಒಂದೇ ಎಂದು ಹಿಡಿಯುತ್ತವೆ. ಉದ್ದ 5 ಎಂದಿಟ್ಟು ಮೊದಲನೆಯ ಚೌಕದಲ್ಲಿ ಎ-ಎ ತುಂಬಿ ನೋಡಿದರೆ ಎರಡೇ ನಿಮಿಷದಲ್ಲಿ ಗುಟ್ಟು ತಿಳಿಯುತ್ತದೆ: ಒಂದೇ ಎ ಇರುವ ‘ಕೊಪ್ರಾ’ ಕೂಡ ಬಂದರೆ ಆ್ಯಪ್ ಎರಡನ್ನೂ ಒಂದೇ ಎಂದು ಹಿಡಿದಿದೆ.

ಸ್ಥಾನ ಗೊತ್ತಿದ್ದಾಗ ಪ್ರಶ್ನಾರ್ಥಕ ಚಿಹ್ನೆ ಬಳಸುವುದು ಎಲ್ಲಕ್ಕಿಂತ ಚುರುಕು. ವರ್ಡಲ್‌ನಲ್ಲಿ ಸಿಗುವುದು ಆರು ಅವಕಾಶ. ಪ್ರತಿ ಊಹೆಗೂ ಬಣ್ಣ ಬರುತ್ತದೆ: ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಬೇರೆ ಜಾಗದಲ್ಲಿ ಇರಬೇಕಾದ್ದಾದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದಿ. ಕೊನೆಯ ನಾಲ್ಕು ಅಕ್ಷರ ಐ-ಜಿ-ಎಚ್-ಟಿ ಹಸಿರಾಗಿ ನಿಂತಿವೆ, ಮೊದಲನೆಯದು ಮಾತ್ರ ಗೊತ್ತಿಲ್ಲ ಎನ್ನಿ. ಪ್ರಶ್ನಾರ್ಥಕ ಹಾಕಿ ಹುಡುಕಿದರೆ ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಎಂದು ಬಳಕೆಯ ಎಂಟು ಪದ ಸಿಗುತ್ತವೆ. ಒಂದೊಂದಾಗಿ ಊಹಿಸುತ್ತ ಹೋದವರು ಸೋಲುವುದು ಇಲ್ಲೇ. ಉತ್ತರವಾಗಲಾರದ ಪದವನ್ನೇ ಬೇಕೆಂದು ಹಾಕಬೇಕು. ಮೊದಲು ‘ಫಿಲ್ಮ್ಸ್’: ಇದರಲ್ಲಿ ಎಫ್, ಎಲ್, ಎಂ, ಎಸ್ ನಾಲ್ಕೂ ಒಟ್ಟಿಗೆ ಪರೀಕ್ಷೆಯಾಗುತ್ತವೆ. ಈ ನಾಲ್ಕರಲ್ಲಿ ಯಾವುದಕ್ಕೆ ಬಣ್ಣ ಬಂತೋ ಅದೇ ಮೊದಲಕ್ಷರ. ನಾಲ್ಕೂ ಬೂದಿಯಾದರೆ ಮುಂದಿನದು ‘ಇಂಟರ್’, ಐ-ಎನ್-ಟಿ-ಇ-ಆರ್. ಅರ್ಥ, ಶವವನ್ನು ಹೂಳು. ಎನ್ ಹಳದಿಯಾದರೆ ನೈಟ್, ಇ ಹಳದಿಯಾದರೆ ಏಟ್, ಆರ್ ಹಳದಿಯಾದರೆ ರೈಟ್, ಮೂರೂ ಇಲ್ಲದಿದ್ದರೆ ಟೈಟ್. ಎಂಟು ಸಾಧ್ಯತೆ ಎರಡೇ ಹೆಜ್ಜೆಗೆ ಬಗೆಹರಿಯುತ್ತವೆ. ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ದಾರಿ ಮುಚ್ಚಿದೆ, ಹಸಿರು ಬಂದ ಅಕ್ಷರವನ್ನು ಅಲ್ಲೇ ಬಳಸಬೇಕಾಗುತ್ತದೆ. ಅದೇ ಪಟ್ಟಿಯ ಕೆಳಗೆ ಬಿ-ಐ-ಜಿ-ಎಚ್-ಟಿ ಎಂಬ ಬೈಟ್ ಕೂಡ ಇರುತ್ತದೆ: ಕಡಲದಂಡೆ ಒಳಕ್ಕೆ ಬಾಗಿದ ಜಾಗ, ಹಗ್ಗದ ಮಡಿಕೆಗೂ ಅದೇ ಹೆಸರು. ಕರಾವಳಿಯ ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು, ಮರೆಯುವುದಿಲ್ಲ.

ಇನ್ನು ಅರ್ಥದ ಮಾತು. ಈ ಆ್ಯಪ್‌ನ ಒಳಗಿರುವುದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವರ್ಡ್‌ನೆಟ್ ಎಂಬ ಪದಭಂಡಾರ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಮುಂದಾಳುತನದಲ್ಲಿ 1985ರಲ್ಲಿ ಶುರುವಾದ ಕೆಲಸ ಅದು. ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದಾದ್ದರಿಂದ ಉಚಿತ ಆ್ಯಪ್‌ಗಳಿಗೆ ಅದು ಬಹಳ ಅನುಕೂಲ. ಆದರೆ ಅದರಲ್ಲಿ ನಾಮಪದ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ ಎಂಬ ನಾಲ್ಕೇ ಬಗೆ ಇವೆ. ಸರ್ವನಾಮ, ಪ್ರಿಪೊಸಿಷನ್, ಕಂಜಂಕ್ಷನ್ ಇಲ್ಲ. ಅದಕ್ಕೇ ಅಮಂಗ್, ಅನ್‌ಟಿಲ್, ಹೂಸ್ ಒತ್ತಿದರೆ ಖಾಲಿ ಪರದೆ. ಅದಕ್ಕಿಂತ ಕೆಟ್ಟದ್ದು ತಪ್ಪು ದಾರಿಗೆ ಎಳೆಯುವ ಉತ್ತರ: ಎಚ್-ಇ ಒತ್ತಿದರೆ ‘ಅವನು’ ಎಂಬ ಅರ್ಥ ಇಲ್ಲ, ಹೀಲಿಯಂ ಅನಿಲ ಇದೆ. ಎ-ಎಸ್ ಎಂದರೆ ಆರ್ಸೆನಿಕ್. ‘ಯಾರು’ ಎಂಬರ್ಥದ ಹೂ ಒತ್ತಿದರೆ ವಿಶ್ವ ಆರೋಗ್ಯ ಸಂಸ್ಥೆ. ಏಳನೇ ತರಗತಿಯ ಮಗು ಇದನ್ನೇ ನೋಟುಬುಕ್ಕಿಗೆ ಇಳಿಸಿಕೊಂಡರೆ ತಪ್ಪು ಮಗುವಿನದಲ್ಲ. ಚಿಕ್ಕ ಪದಗಳಿಗೆ ಪಕ್ಕದಲ್ಲಿ ಅಚ್ಚಿನ ಇಂಗ್ಲಿಷ್–ಕನ್ನಡ ನಿಘಂಟು ಇರಲೇಬೇಕು.

ನಮ್ಮ ಸೀಮೆಯ ಪದಗಳ ಅರ್ಥವೂ ಬಹಳ ತೆಳು. ಐದಕ್ಷರ, ಎರಡು ಎ ಎಂದು ಹುಡುಕಿದಾಗ ಸಿಗುವ ‘ಅರೆಕಾ’ಕ್ಕೆ ಉಷ್ಣವಲಯದ ಎತ್ತರದ ಒಂದು ತಾಳೆ ಜಾತಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತದೆ. ಮಲಯಾಳದ ಅಡಯ್ಕ, ನಮ್ಮ ಅಡಕೆಯ ಒಡಹುಟ್ಟು, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ ಅರೆಕಾ ಆಯಿತು. ಅಡಕೆಗೆ ಇಂಗ್ಲಿಷಿನವರು ‘ಬೀಟಲ್ ನಟ್’ ಎನ್ನುವುದು ಎಲೆಯ ಹೆಸರನ್ನು ಕಾಯಿಗೆ ಅಂಟಿಸಿದ್ದು. ಎಲೆಯ ಬಳ್ಳಿ ಕಾಳುಮೆಣಸಿನ ಕುಲದ್ದು, ಅಡಕೆ ತಾಳೆಯ ಕುಲದ್ದು. ಶಿರಸಿ ಪೇಟೆಯಲ್ಲಿ ಬೆಳೆದ ಮಗುವಿಗೆ ಈ ಸಾಲನ್ನು ದೊಡ್ಡವರೇ ಸೇರಿಸಿ ಹೇಳಬೇಕು. ವರ್ಡಲ್ ಆಟಕ್ಕೆ ಅರೆಕಾ ಒಳ್ಳೆಯ ಆರಂಭವಲ್ಲ, ಎ ಎರಡು ಸಲ ಬಂದು ಒಂದು ಚೌಕ ವ್ಯರ್ಥ. ಕೊಬ್ಬರಿ ಎಂಬರ್ಥದ ‘ಕೊಪ್ರಾ’, ಸಿ-ಓ-ಪಿ-ಆರ್-ಎ, ಬಹಳ ವಾಸಿ. ಅದರ ಹಿಂದೆಯೇ ಯು-ಎನ್-ಟಿ-ಐ-ಇ, ‘ಅನ್‌ಟೈ’, ಬಿಚ್ಚು ಎಂಬುದನ್ನು ಹಾಕಿದರೆ ಹತ್ತು ಬೇರೆ ಬೇರೆ ಅಕ್ಷರ ಮತ್ತು ಐದೂ ಸ್ವರ ಎರಡು ಊಹೆಯಲ್ಲಿ ಮುಗಿಯುತ್ತವೆ.

ಸ್ಕ್ರ್ಯಾಬಲ್ ಆಡುವವರಿಗೆ ‘ಇರಕೂಡದು’ ಚೌಕವೇ ಚಿನ್ನ. ನೂರು ಬಿಲ್ಲೆಯಲ್ಲಿ ಕ್ಯೂ ಒಂದೇ, 10 ಅಂಕ, ಯು ನಾಲ್ಕೇ. ಕೈಯಲ್ಲಿ ಕ್ಯೂ ಇದ್ದು ಯು ಇಲ್ಲದಿದ್ದರೆ ಹೀಗೆ ಹುಡುಕಿ: ಉದ್ದ 5, ಕ್ಯೂ ಬೇಕು, ಯು ಬೇಡ. ಫಕೀರ್, ತಲಾಕ್, ನಿಕಾಬ್, ಕಿಬ್ಲಾ, ಕನಾತ್ ಸಾಲಾಗಿ ಬರುತ್ತವೆ. ಭಟ್ಕಳದವರಿಗೆ ಮೊದಲ ನಾಲ್ಕರ ಅರ್ಥ ಹೇಳಬೇಕಾಗಿಲ್ಲ. ಕೊನೆಯದು ನೆಲದೊಳಗಿನ ನೀರಿನ ಸುರಂಗ ಕಾಲುವೆ, ಬೀದರಿನ ಕರೇಜ್ ಆ ಬಗೆಯದು.

ಪದಪಟ್ಟಿ ಹಳತೋ ಹೊಸತೋ ಎಂದು ತಿಳಿಯಲು ಕ್ಯೂ-ಐ ಮತ್ತು ಝಡ್-ಎ ಹುಡುಕಿ. ಅಮೆರಿಕದ ಸ್ಪರ್ಧಾಪಟ್ಟಿಗೆ ಇವು ಸೇರಿದ್ದು 2006ರಲ್ಲಿ. ಸಿಗದಿದ್ದರೆ ಒಳಗಿರುವುದು ಅದಕ್ಕಿಂತ ಹಳೆಯ ಉಚಿತ ಪಟ್ಟಿ ಎಂದೇ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ಬ್ರಿಟಿಷ್, ಅಮೆರಿಕನ್ ಎಂಬ ಆಯ್ಕೆಯನ್ನೂ ನೋಡಿಕೊಳ್ಳಬೇಕು. ನಮ್ಮ ಪಠ್ಯಪುಸ್ತಕದ ಕಲರ್ ಆರಕ್ಷರ, ವರ್ಡಲ್‌ನದು ಐದು. ಫೈಬರ್, ಮೀಟರ್ ಎರಡೂ ಕಡೆ ಐದೇ, ಕೊನೆಯ ಎರಡಕ್ಷರ ಅದಲುಬದಲು.

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಬರಿದಾಗಿ ನೆಟ್‌ವರ್ಕ್ ಕಾಣೆಯಾಗುತ್ತದೆ. ಆಫ್‌ಲೈನ್ ಇಲ್ಲದ ಆ್ಯಪ್ ಇಲ್ಲಿ ಉಪಯೋಗಕ್ಕಿಲ್ಲ. ಒಂದೂ ಮುಕ್ಕಾಲು ಲಕ್ಷ ಪದಗಳ ಬರೀ ಪಟ್ಟಿ ಎರಡು ಎಂಬಿಯಷ್ಟೇ ಆಗುತ್ತದೆ, ಜಾಗ ಹಿಡಿಯುವುದು ಅರ್ಥದ ಕಡತ. ಎರಡನ್ನೂ ಬೇರೆ ಬೇರೆ ಡೌನ್‌ಲೋಡ್ ಮಾಡಬೇಕು. ಪಟ್ಟಿ ಮಾತ್ರ ಇಳಿಸಿಕೊಂಡು ಅರ್ಥ ಬರುವುದಿಲ್ಲ ಎಂದು ದೂರುವವರೇ ಹೆಚ್ಚು. ಡೇಟಾ ಆಫ್ ಮಾಡಿ ಆಡಿದರೆ ಪರದೆ ತುಂಬುವ ಜಾಹೀರಾತೂ ಬರುವುದಿಲ್ಲ, ಹಣ ಕೊಟ್ಟು ಮೇಲಿನ ಆವೃತ್ತಿ ಕೊಳ್ಳುವ ಅಗತ್ಯ ನಮಗೆ ಕಂಡಿಲ್ಲ. ಅಪ್‌ಡೇಟ್ ಆದಾಗಲೆಲ್ಲ ಪಟ್ಟಿ ತಾನಾಗಿ ಅಮೆರಿಕನ್‌ಗೆ ಮರಳುತ್ತದೆ, ಇಳಿಸಿಟ್ಟ ಅರ್ಥದ ಕಡತವೂ ಕೆಲವು ಸಲ ಅಳಿಸಿಹೋಗುತ್ತದೆ. ಮೇ ಕೊನೆಯಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ ‘ಕೊಪ್ರಾ’ ಹುಡುಕಿ ನೋಡಿ. ಅರ್ಥ ತೆರೆಯದಿದ್ದರೆ ಮಳೆ ಹಿಡಿಯುವ ಮೊದಲೇ ಮತ್ತೆ ಇಳಿಸಿಕೊಳ್ಳಿ.