ಕುಕೀ, ಕೇಟರಿಂಗ್, ಕಾಫಿ, ಅಡೋಬೊ: ಅಡುಗೆಮನೆ ಪತ್ತೇದಾರಿಯಲ್ಲಿ ಯಾವುದನ್ನು ಮೊದಲು ಓದಬೇಕು?

ಅಡುಗೆಯೂ ಕೊಲೆಯೂ ಒಟ್ಟಿಗೆ ಬರುವ ಇಂಗ್ಲಿಷ್ ಕೋಜಿ ಮಿಸ್ಟರಿಗಳಲ್ಲಿ (ರಕ್ತಪಾತ ಹೆಚ್ಚು ತೋರಿಸದ ಹಗುರ ಪತ್ತೇದಾರಿ ಕಾದಂಬರಿಗಳು) ಒಂದನ್ನು ಆರಿಸುವುದೇ ತಲೆನೋವು. ಹಿಂಬದಿಯ ಸಾರಾಂಶ ಓದಿದರೆ ಎಲ್ಲವೂ ಒಂದೇ ಥರ: ಸಣ್ಣ ಊರು, ತಿಂಡಿ ಅಂಗಡಿ ನಡೆಸುವ ಹೆಂಗಸು, ಒಂದು ಹೆಣ, ಹತ್ತಿರದಲ್ಲೇ ಸುಳಿದಾಡುವ ಪೊಲೀಸ್. ಹಾಗಾಗಿ ನಾಲ್ಕು ಸರಣಿಗಳ ಮೊದಲ ಪುಸ್ತಕಗಳನ್ನು ಎರಡೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ಅಡುಗೆಯನ್ನು ತೆಗೆದುಬಿಟ್ಟರೆ ಕಥೆ ಉಳಿಯುತ್ತದೆಯೇ? ಕೊಟ್ಟಿರುವ ರೆಸಿಪಿ ನಮ್ಮ ಒಲೆಯಲ್ಲಿ ಆಗುತ್ತದೆಯೇ? ಕೊಲೆಗಾರ ಯಾರೆಂದು ಎಲ್ಲೂ ಹೇಳಿಲ್ಲ.

ಮೊದಲು ಜೋಆನ್ ಫ್ಲೂಕ್ ಅವರ ‘ಚಾಕೊಲೇಟ್ ಚಿಪ್ ಕುಕೀ ಮರ್ಡರ್’ (2000). ಮಿನೆಸೋಟದ ಲೇಕ್ ಈಡನ್ ಎಂಬ ಕಾಲ್ಪನಿಕ ಊರಲ್ಲಿ ಹ್ಯಾನಾ ಸ್ವೆನ್ಸನ್ ‘ಕುಕೀ ಜಾರ್’ ಎಂಬ ಬೇಕರಿ ನಡೆಸುತ್ತಾಳೆ. ಡೇರಿ ಗಾಡಿಯ ಹುಡುಗ ಅಂಗಡಿಯ ಹಿಂದೆ ಗಾಡಿಯಲ್ಲೇ ಗುಂಡೇಟಿನಿಂದ ಸತ್ತು ಬಿದ್ದಿರುತ್ತಾನೆ, ಸುತ್ತ ಅವಳದೇ ಕುಕೀಗಳು. ತಂಗಿಯ ಗಂಡ ಪೊಲೀಸ್ ಇಲಾಖೆಯಲ್ಲಿ ಬಡ್ತಿಗೆ ಕಾಯುತ್ತಿರುವುದರಿಂದ ಊರಿನವರ ಬಾಯಿ ಬಿಡಿಸುವ ಕೆಲಸ ಇವಳ ಪಾಲಿಗೆ. ಒಗಟು ತೆಳು. ಕುಕೀ ಇಲ್ಲಿ ಸುಳಿವಲ್ಲ, ಯಾರ ಮನೆಗಾದರೂ ನುಗ್ಗಲು ಸಿಕ್ಕ ನೆಪ. ಡಬ್ಬಿ ಹಿಡಿದು ಹೋದರೆ ಬಾಗಿಲು ತೆರೆಯುತ್ತದೆ. ಭಾಷೆ ಸರಳ, ಅಧ್ಯಾಯ ಚಿಕ್ಕವು. ಇಂಗ್ಲಿಷ್ ಕಾದಂಬರಿಯ ಅಭ್ಯಾಸ ಕಡಿಮೆ ಇರುವವರಿಗೆ ಇದಕ್ಕಿಂತ ಸಲೀಸಾದದ್ದು ಈ ನಾಲ್ಕರಲ್ಲಿಲ್ಲ.

ರೆಸಿಪಿಯಲ್ಲಿ ಮಾತ್ರ ಇದೇ ಗೆಲ್ಲುತ್ತದೆ. ಅಧ್ಯಾಯಗಳ ನಡುವೆಯೇ ಬರುತ್ತವೆ. ಕಾರ್ನ್‌ಫ್ಲೇಕ್ಸ್ ಹಾಕುವ ಚಾಕೊಲೇಟ್ ಚಿಪ್ ಕುಕೀಯ ಅಳತೆ ಇಷ್ಟು: ಕರಗಿಸಿದ ಬೆಣ್ಣೆ 1 ಕಪ್, ಬಿಳಿ ಸಕ್ಕರೆ 1, ಬ್ರೌನ್ ಶುಗರ್ 1, ಅಡುಗೆ ಸೋಡಾ 2 ಟೀ ಚಮಚ, ಉಪ್ಪು 1, ವೆನಿಲಾ 2, ಮೊಟ್ಟೆ 2, ಮೈದಾ ಎರಡೂವರೆ ಕಪ್, ಪುಡಿ ಮಾಡಿದ ಕಾರ್ನ್‌ಫ್ಲೇಕ್ಸ್ 2 ಕಪ್, ಚಾಕೊಲೇಟ್ ಚಿಪ್ಸ್ 1ರಿಂದ 2 ಕಪ್. ಶಾಖ 375 ಫ್ಯಾರನ್‌ಹೀಟ್, ಅಂದರೆ ನಮ್ಮ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) 190 ಡಿಗ್ರಿ ಸೆಲ್ಸಿಯಸ್. 8ರಿಂದ 10 ನಿಮಿಷ.

ಕೆಡುವುದು ಎಲ್ಲಿ? ಅಮೆರಿಕದ ಕಪ್ಪೆಂದರೆ ಸುಮಾರು 240 ಮಿ.ಲೀ., ಮನೆಯ ಕಾಫಿ ಲೋಟವಲ್ಲ. ಬೆಣ್ಣೆ 1 ಕಪ್ ಅಂದರೆ 227 ಗ್ರಾಂ. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪು ಇದ್ದೇ ಇರುತ್ತದೆ, ಬೇರೆ ಉಪ್ಪು ಬೇಡ. ಇನ್ನು ಬ್ರೌನ್ ಶುಗರ್. ಅಲ್ಲಿಯದು ಕಾಕಂಬಿಯ ಅಂಶದಿಂದ ಒದ್ದೆ ಮರಳಿನ ಹಾಗಿರುತ್ತದೆ, ಅದರ ಹುಳಿಯೇ ಸೋಡಾವನ್ನು ಕೆಲಸಕ್ಕೆ ಹಚ್ಚುವುದು. ಇಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಒಣ ಹರಳು. ಅದನ್ನು ಹಾಗೇ ಹಾಕಿದರೆ ಹರಳು ಕರಗದೆ ಹಲ್ಲಿಗೆ ಸಿಗುತ್ತದೆ, ಸೋಡಾ ಉಳಿದು ಸಾಬೂನಿನ ವಾಸನೆ ಬರುತ್ತದೆ. ಮಿಕ್ಸಿಯಲ್ಲಿ ಪುಡಿ ಮಾಡಿ, ಸೋಡಾವನ್ನು ಒಂದೂವರೆ ಚಮಚಕ್ಕೆ ಇಳಿಸಿ. ಇಲ್ಲವೇ ಪುಡಿ ಬೆಲ್ಲ ಹಾಕಿ. ಜೋನಿ ಬೆಲ್ಲ ಬೇಡ, ಹಿಟ್ಟು ನೀರಾಗುತ್ತದೆ. ಬೆಣ್ಣೆ ಕರಗಿಸಿದ್ದರಿಂದ ಹಿಟ್ಟು ಬಿಸಿಯಾಗಿರುತ್ತದೆ. ಅಷ್ಟರಲ್ಲೇ ಚಿಪ್ಸ್ ಹಾಕಿದರೆ ಕರಗಿ ಎಲ್ಲ ಕಂದು ಮುದ್ದೆ. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಕಟ್ಟಿ, ಸ್ವಲ್ಪ ಅದುಮಿ ಬೇಯಿಸಿ. ಜೇನು ಸವರಿದ ಕಾರ್ನ್‌ಫ್ಲೇಕ್ಸ್ ಬೇಗ ಸೀಯುತ್ತದೆ, ಸಾದಾ ತನ್ನಿ. ಅರ್ಧ ಅಳತೆಯೇ ಧಾರಾಳ, ಒಂದು ಮೊಟ್ಟೆಗೆ ಲೆಕ್ಕವೂ ಸರಿಹೋಗುತ್ತದೆ. ಹೊರ ತೆಗೆದಾಗ ನಡು ಮೆತ್ತಗಿದೆ ಎಂದು ಮತ್ತೆ ಒಳಗಿಡಬೇಡಿ. ತಟ್ಟೆಯ ಮೇಲೇ ಎರಡು ನಿಮಿಷ ಬಿಟ್ಟರೆ ಗಟ್ಟಿಯಾಗುತ್ತದೆ.

ಕಥೆಯ ತೂಕ ಬೇಕೆನ್ನುವವರು ಡಯಾನ್ ಮಾಟ್ ಡೇವಿಡ್ಸನ್ ಅವರ ‘ಕೇಟರಿಂಗ್ ಟು ನೋಬಡಿ’ (1990) ಹಿಡಿಯಲಿ. ಕೊಲರಾಡೋದ ಬೆಟ್ಟದ ಊರು. ಗೋಲ್ಡಿ ಎಂಬಾಕೆ ಊಟದ ಕಾಂಟ್ರ್ಯಾಕ್ಟ್ ಹಿಡಿದು ಮಗನನ್ನು ಸಾಕುತ್ತಾಳೆ. ಮಗನ ಟೀಚರ್ ತೀರಿಕೊಂಡ ಮೇಲಿನ ಊಟದಲ್ಲಿ ಮಾಜಿ ಮಾವ ಇಲಿ ಪಾಷಾಣ ಬೆರೆತ ಕಾಫಿ ಕುಡಿದು ಕುಸಿಯುತ್ತಾನೆ. ಊಟ ಬಡಿಸಿದವಳು ಇವಳು, ವ್ಯಾಪಾರಕ್ಕೆ ಬೀಗ. ಗುಟ್ಟು ಬಿಡಿಸದಿದ್ದರೆ ಸಂಪಾದನೆ ಇಲ್ಲ. ಇಲ್ಲಿ ಅಡುಗೆಯನ್ನು ತೆಗೆದರೆ ಕಥೆಯೇ ಇಲ್ಲ. ಆದರೆ ಎಚ್ಚರ: ಮಾಜಿ ಗಂಡ ಡಾಕ್ಟರು, ಹೆಂಡತಿಯನ್ನು ಹೊಡೆಯುತ್ತಿದ್ದವನು. ಮಲಗುವ ಮುಂಚೆ ಹಗುರವಾದದ್ದೇನಾದರೂ ಎಂದು ತೆರೆದವರಿಗೆ ಕೆಲವು ಪುಟ ಭಾರವೆನಿಸುತ್ತವೆ.

ಕ್ಲಿಯೊ ಕೊಯ್ಲ್ ಎಂಬ ಹೆಸರಿನ ಹಿಂದೆ ಇರುವುದು ಗಂಡ-ಹೆಂಡತಿ ಜೋಡಿ. ಅವರ ‘ಆನ್ ವಾಟ್ ಗ್ರೌಂಡ್ಸ್’ (2003) ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಕಾಫಿ ಅಂಗಡಿಯಲ್ಲಿ ನಡೆಯುತ್ತದೆ. ಅಸಿಸ್ಟೆಂಟ್ ಮ್ಯಾನೇಜರ್ ಹುಡುಗಿ ಮೆಟ್ಟಿಲ ಕೆಳಗೆ ಪ್ರಜ್ಞೆ ತಪ್ಪಿ ಸಿಗುತ್ತಾಳೆ; ಜಾರಿ ಬಿದ್ದಿದ್ದಾಳೆ ಎನ್ನುತ್ತಾರೆ ಪೊಲೀಸರು, ಮ್ಯಾನೇಜರ್ ಕ್ಲೇರ್‌ಗೆ ನಂಬಿಕೆ ಬರುವುದಿಲ್ಲ. ಕಾಫಿ ಹುರಿಯುವುದು, ಎಸ್ಪ್ರೆಸೊ ಇಳಿಸುವುದು ಇದರಲ್ಲಿ ಪುಟಗಟ್ಟಲೆ. ಚಿಕ್ಕಮಗಳೂರು, ಕೊಡಗಿನ ತೋಟದ ಮನೆಗಳವರಿಗೆ ರುಚಿಸೀತು, ಉಳಿದವರಿಗೆ ತನಿಖೆ ನಿಂತ ಹಾಗೆ ಅನಿಸುತ್ತದೆ. ರೆಸಿಪಿ ಎಲ್ಲ ಕೊನೆಯಲ್ಲಿ. ಎಸ್ಪ್ರೆಸೊ ಕೇಳಿದ ಕಡೆ ಫಿಲ್ಟರಿನ ಮೊದಲ ಡಿಕಾಕ್ಷನ್ ನಡೆಯುತ್ತದೆ: 25 ಗ್ರಾಂ ಪುಡಿಗೆ 100 ಮಿ.ಲೀ. ಕುದಿನೀರು ಹಾಕಿದರೆ ಅರ್ಧದಷ್ಟು ಕೆಳಗಿಳಿಯುತ್ತದೆ. ಚಿಕೋರಿ ಇಲ್ಲದ ಪುಡಿಯೇ ಆಗಬೇಕು. ಚಿಕೋರಿಯ ಕಹಿ ಹಾಲಿನಲ್ಲಿ ಮುಚ್ಚಿಹೋದರೂ ಕೇಕಿನಲ್ಲಿ ಎದ್ದು ಕಾಣುತ್ತದೆ.

ನನ್ನ ಮತ ಮಿಯಾ ಪಿ. ಮನನ್ಸಾಲಾ ಅವರ ‘ಆರ್ಸೆನಿಕ್ ಅಂಡ್ ಅಡೋಬೊ’ಗೆ (2021). ಇಲಿನಾಯ್ ರಾಜ್ಯದ ಸಣ್ಣ ಊರಲ್ಲಿ ಫಿಲಿಪಿನೊ ಕುಟುಂಬದ ಹೋಟೆಲು. ಆ ಮನೆಯ ಹುಡುಗಿ ಲೈಲಾಳ ಮಾಜಿ ಪ್ರಿಯಕರ, ಆಹಾರ ವಿಮರ್ಶೆ ಬರೆಯುವವನು, ಅಲ್ಲೇ ಊಟ ಮಾಡುತ್ತ ಸಾಯುತ್ತಾನೆ. ಆರೋಪ ಲೈಲಾಳ ಮೇಲೆ, ಹೋಟೆಲು ಬಂದ್. ಡೇವಿಡ್ಸನ್ ಕಥೆಯ ಪೇಚೇ ಇದು, ಆದರೆ ಇಲ್ಲಿ ಒಬ್ಬಳಲ್ಲ, ಮನೆತನವೇ ಬೀದಿಗೆ ಬರುವ ಸ್ಥಿತಿ. ಏಪ್ರಿಲ್, ಮೇ, ಜೂನ್ ಎಂಬ ಮೂವರು ಹಿರಿಯ ಹೆಂಗಸರು ಮದುವೆ, ಮೈತೂಕ, ಮಂದಿಯ ಸುದ್ದಿ ಎಲ್ಲದಕ್ಕೂ ಮೂಗು ತೂರಿಸುತ್ತಾರೆ. ನಮ್ಮ ದೊಡ್ಡಮ್ಮ, ಸೋದರತ್ತೆಯರನ್ನು ಕಂಡವರಿಗೆ ಇವರ ಪರಿಚಯ ಹೇಳಬೇಕಾಗಿಯೇ ಇಲ್ಲ. ಫಿಲಿಪಿನೊ ಪದಗಳ ಅರ್ಥ, ಉಚ್ಚಾರಣೆ ಪುಸ್ತಕದ ಆರಂಭದಲ್ಲೇ ಇದೆ. ಇ-ಪುಸ್ತಕದಲ್ಲಾದರೆ ಆ ಪುಟಕ್ಕೆ ಮೊದಲೇ ಬುಕ್‌ಮಾರ್ಕ್ ಹಾಕಿಡಿ, ಪದೇ ಪದೇ ಹಿಂದಕ್ಕೆ ಹೋಗಬೇಕಾಗುತ್ತದೆ.

ಅಡೋಬೊ ವಿನಿಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆಯಲ್ಲಿ ಬೇಯುವ ಕೋಳಿ. ಇಂಡದ್ ಎಂಬ ಮಾಂಸದ ಸಾರು ಮಾಡುವ ಮಂಗಳೂರಿನ ಕ್ರೈಸ್ತರ ಮನೆಗಳಿಗೆ ವಿನಿಗರ್‌ನ ಹುಳಿ ಹೊಸದಲ್ಲ. ಸೋಯಾ ಸಾಸ್ ಗಾಢವಾದದ್ದನ್ನು ಹಾಕಿದರೆ ಕಪ್ಪಾಗುತ್ತದೆ. ಸಾಸಿನಲ್ಲೇ ಉಪ್ಪಿದೆ, ಬೇರೆ ಉಪ್ಪನ್ನು ಕೊನೆಗೇ ನೋಡಿ ಹಾಕಬೇಕು. ವಿನಿಗರ್ ಹಾಕಿದ ಮೇಲೆ ಕೆಲ ನಿಮಿಷ ಮುಚ್ಚದೆ, ಕಲಕದೆ ಕುದಿಸಿದರೆ ಘಾಟು ಇಳಿಯುತ್ತದೆ. ಊಬೆ ಎಂಬ ನೇರಳೆ ಗೆಡ್ಡೆಯ ಬಣ್ಣದ ಕುಕೀ ಚೆಂದ, ಆದರೆ ಊಬೆ ಎಸೆನ್ಸ್ ಆನ್‌ಲೈನ್‌ನಲ್ಲೇ ತರಿಸಬೇಕು. ಅದರ ಹಿಟ್ಟನ್ನು ಕೆಲವು ಗಂಟೆ ತಂಪಾಗಿಸದೆ ಸಕ್ಕರೆ ಪುಡಿಯಲ್ಲಿ ಹೊರಳಿಸಿದರೆ ಸಕ್ಕರೆ ಕರಗಿಹೋಗುತ್ತದೆ, ಮೇಲಿನ ಬಿಳಿ ಹೊದಿಕೆಯಲ್ಲಿ ಬಿರುಕು ಮೂಡುವುದಿಲ್ಲ.

ಯಾವ ರೂಪದಲ್ಲಿ ಓದಬೇಕೆಂಬುದು ಸರಣಿಯ ಮೇಲೆ ನಿಂತಿದೆ. ಫ್ಲೂಕ್ ಅವರದನ್ನು ಕಾಗದದಲ್ಲೇ ಕೊಳ್ಳಿ: ನಡುವೆ ಬರುವ ರೆಸಿಪಿಗೆ ಚೀಟಿ ಇಡಬಹುದು, ಮೈದಾ ಕೈಗೆ ಮೊಬೈಲ್ ಲಾಕ್ ತೆಗೆಯುವ ಕಾಟವಿಲ್ಲ. ಕೊಯ್ಲ್, ಮನನ್ಸಾಲಾ ಅವರದು ಇ-ಪುಸ್ತಕವಾದರೂ ಸಾಕು, ರೆಸಿಪಿ ಕೊನೆಯಲ್ಲಿ ಒಟ್ಟಿಗೆ ಸಿಗುತ್ತದೆ. ಅಕ್ಷರ ತುಂಬ ದೊಡ್ಡದು ಮಾಡಿದರೆ ಮಾತ್ರ ಸಾಮಗ್ರಿಯ ಸಾಲು ಮುರಿದು ‘ಅರ್ಧ’ ಒಂದು ಸಾಲಲ್ಲಿ, ‘ಕಪ್’ ಇನ್ನೊಂದರಲ್ಲಿ ಬೀಳುತ್ತದೆ. ಕೇಳುವ ಪುಸ್ತಕ ಡೇವಿಡ್ಸನ್‌ಗೆ ಒಗ್ಗುತ್ತದೆ, ಅಲ್ಲಿ ಕಥೆಯೇ ಮುಖ್ಯ. ಕೇಳಿಕೊಂಡು ಅಡುಗೆ ಮಾಡಲು ಹೋಗಬೇಡಿ. ಸೋಡಾ ಎಷ್ಟು ಚಮಚ ಎಂದು ಹುಡುಕುತ್ತ ಹಿಂದಕ್ಕೆ ಓಡಿಸುವಷ್ಟರಲ್ಲಿ ಬೆಣ್ಣೆ ಕಪ್ಪಾಗಿರುತ್ತದೆ.