ಸ್ಕ್ರೂ, ನಟ್ಟು ಇಡಲು ಬಾಟಲಿಯೋ, ಡ್ರಾಯರ್ ಪೆಟ್ಟಿಗೆಯೋ?

ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಖರ್ಚಿಲ್ಲ. ಒಳಗೇನಿದೆ ಅಂತ ಹೊರಗಿಂದಲೇ ಕಾಣುತ್ತದೆ. ಮುಚ್ಚಳ ಬಿಗಿ ಇರುವುದರಿಂದ ತೇವ ನುಗ್ಗುವುದೂ ಕಡಿಮೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಇದೇ ದೊಡ್ಡ ಲಾಭ, ಅಲ್ವಾ? ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣವನ್ನೂ ಹಾಕಿಡಿ. ಆದರೆ ಬಾಟಲಿಯನ್ನು ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಲೇಬೇಕು. ಉಪ್ಪಿನಂಶ ಉಳಿದರೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಜಾಗ ಕಡಿಮೆಯಿದ್ದರೆ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಶೆಲ್ಫಿನ ಅಡಿಗೆ 2 ಸ್ಕ್ರೂ ಹಾಕಿ ಕೂರಿಸಿ. ಒಂದೇ ಸ್ಕ್ರೂ ಹಾಕಿದರೆ ಬಾಟಲಿಯ ಜೊತೆ ಮುಚ್ಚಳವೂ ತಿರುಗುತ್ತದೆ. ಗಾಜಿನದನ್ನು ಮಾತ್ರ ನೇತು ಹಾಕಬೇಡಿ.

ಸಣ್ಣ ಸಣ್ಣ ಡ್ರಾಯರುಗಳಿರುವ ಪೆಟ್ಟಿಗೆಗೆ ದುಡ್ಡು ಜಾಸ್ತಿ, ತೇವಕ್ಕೆ ತಡೆಯೂ ಇಲ್ಲ. ಅದರ ಗೆಲುವು ವೇಗದಲ್ಲಿದೆ. ಎಂ4, ಎಂ5, ಎಂ6 (ಅಂದರೆ 4, 5, 6 ಮಿ.ಮೀ. ದಪ್ಪದ) ಬೋಲ್ಟುಗಳು ಸಾಲಾಗಿ, ಪಕ್ಕದಲ್ಲೇ ಅವುಗಳ ನಟ್ಟು, ವಾಷರ್. ಒಂದೇ ಕೈಯಲ್ಲಿ ಎಳೆದು ತೆಗೆಯಬಹುದು. ತುಂಬಿದಾಗ ತುಂಬಾ ಭಾರವಾಗುತ್ತದೆ, ಗೋಡೆಗೆ ಬಿಗಿಯಾಗಿ ಕೂರಿಸಿ.

ನಿಮ್ಮಲ್ಲಿ ಏಳೆಂಟು ಬಗೆಯಷ್ಟೇ ಇದ್ದರೆ ಸುಮ್ನೆ ಪೆಟ್ಟಿಗೆ ಕೊಳ್ಳಬೇಡಿ, ಬಾಟಲಿ ಸಾಕು. ಇಪ್ಪತ್ತು ದಾಟಿದರೆ ಪೆಟ್ಟಿಗೆಯೇ ಸರಿ. ಕರಾವಳಿಯವರಾದರೆ ಸ್ಟೇನ್‌ಲೆಸ್ ಸ್ಟೀಲಿನವು ಡ್ರಾಯರಿಗೆ, ಕಬ್ಬಿಣದವು ಬಾಟಲಿಗೆ.