ಮಲೆನಾಡಿನ ಮನೆಯಲ್ಲಿ ಬಿಸಿದೀಪ: ಸೆರಾಮಿಕ್ ಹೀಟರ್ ಮತ್ತು ಎಸ್‌ಟಿಸಿ-1000 ಬಳಸಿದ ಅನುಭವ

ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಜೀವಿ ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿ. ನಮ್ಮ ಮನೆ ಇರುವುದು ತೀರ್ಥಹಳ್ಳಿ ಹತ್ತಿರ. ಜೂನ್ ಬಂತೆಂದರೆ ಒಲೆಯ ಮೇಲೆ ದಾರ ಕಟ್ಟಿ ಬಟ್ಟೆ ಒಣಗಿಸುವ ಊರು. ಮಗಳು ಬೆಂಗಳೂರಿನಲ್ಲಿ ಸಾಕಿದ್ದ ಡ್ರ್ಯಾಗನ್ ಕಲ್ಲೇಶಿ ಈಗ ಇಲ್ಲೇ ಇದ್ದಾನೆ. ನಮ್ಮ ಓತಿಕ್ಯಾತದ ಬಳಗದವನೇ. ಮೈಗೆ ಬೇಕಾದ ಬಿಸಿಯನ್ನು ಹೊರಗಿನಿಂದಲೇ ಪಡೆಯಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಹಾಗಾಗಿ ಹಗಲಿಗೆ 75 ವ್ಯಾಟ್ ಹ್ಯಾಲೊಜೆನ್, ಚಳಿ ರಾತ್ರಿಗೆ ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ 100 ವ್ಯಾಟ್ ಸೆರಾಮಿಕ್ ಹೀಟರ್, ಬಿಸಿ ನೋಡಿಕೊಂಡು ಅದನ್ನು ತಾನೇ ಹೊತ್ತಿಸಿ ಆರಿಸಲು ಅದಕ್ಕೊಂದು ಎಸ್‌ಟಿಸಿ-1000 ಥರ್ಮೋಸ್ಟಾಟ್. ಹಲವು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ. ಬಲ್ಬ್ ಯಾವ ಕಂಪನಿಯದಾದರೂ ನಡೆಯುತ್ತದೆ. ಖರ್ಚು ಮಾಡಬೇಕಾದ್ದು ಅದರ ಹೋಲ್ಡರ್‌ಗೆ, ತೂಗುಹಾಕುವ ವ್ಯವಸ್ಥೆಗೆ, ಥರ್ಮೋಸ್ಟಾಟ್‌ಗೆ.

ಮೊದಲು ಹೋಲ್ಡರ್ ವಿಷಯ. ನಮ್ಮ ಮನೆಗಳಲ್ಲಿ ಇರುವುದು ಪಿನ್ ಹೋಲ್ಡರ್, ಅಂದರೆ ಬಿ22. ಈ ಹೀಟರ್‌ಗಳು ಬರುವುದು ತಿರುಪಿನ ಇ27ರಲ್ಲಿ. ಅಂಗಡಿಗೆ ಹೋದರೆ ತಕ್ಷಣ ಒಂದು ಬಿಳಿ ಪ್ಲಾಸ್ಟಿಕ್ ಅಡಾಪ್ಟರ್ ಕೈಗಿಡುತ್ತಾರೆ. ದಯವಿಟ್ಟು ತರಬೇಡಿ. ಅದು ಎಲ್‌ಇಡಿ ಬಲ್ಬಿಗೆ ಸರಿ. ಸೆರಾಮಿಕ್ ಹೀಟರ್‌ನ ಮೈ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆ ಬಿಸಿ ಬುಡಕ್ಕೂ ಏರುತ್ತದೆ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಬೇಕಲೈಟ್ ಕೂಡ ಕಾಲ ಕಳೆದಂತೆ ಪುಡಿಪುಡಿಯಾಗುತ್ತದೆ. ಪಿಂಗಾಣಿ ಹೋಲ್ಡರ್ ಒಂದೇ ದಾರಿ. ವಯರ್ ಕೂಡ ಬಿಸಿ ತಡೆಯುವಂಥದ್ದೇ ಇರಬೇಕು. ನನ್ನದು ಪಿಂಗಾಣಿ ಹೋಲ್ಡರ್ ಇರುವ, ದೀಪದ ಸುತ್ತ ಕವಿಯುವ ಅಲ್ಯೂಮಿನಿಯಂ ಬುಟ್ಟಿ. ಇಷ್ಟು ದಿನಗಳಲ್ಲಿ ಬುಡದ ಬಣ್ಣ ಕೂಡ ಬದಲಾಗಿಲ್ಲ.

ಬುಟ್ಟಿಯ ಜೊತೆ ಬಂದ ಕ್ಲಿಪ್ಪನ್ನು ನಾನು ಬಳಸುವುದೇ ಇಲ್ಲ. ಬಿಸಿಗೆ ಸ್ಪ್ರಿಂಗ್ ಸಡಿಲವಾಗುತ್ತದೆ. ಬೆಚ್ಚಗಿರುವ ಜಾಗ ಎಂದು ಬೆಕ್ಕು ಬಂದು ಹತ್ತುತ್ತದೆ. ಕೆಳಗೆ ಬಿದ್ದರೆ ಗೂಡಿನ ಮರ, ಹಾಸು ಎಲ್ಲಾ ಹೊತ್ತಿಕೊಳ್ಳಬಹುದು. ಮೇಲಿನ ಜಂತಿಗೆ ಕೊಕ್ಕೆ ಹೊಡೆದು ಕಬ್ಬಿಣದ ಸರಪಳಿಯಲ್ಲಿ ತೂಗುಹಾಕಿದ್ದೇನೆ. ನಮ್ಮಂಥ ಹಳೇ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬುಟ್ಟಿ ಬಿಸಿಯನ್ನು ಕೆಳಗೆ ಮಾತ್ರ ಬಿಡುವುದಿಲ್ಲ, ಮೇಲಕ್ಕೂ ಬಿಡುತ್ತದೆ. ಅಟ್ಟದಲ್ಲಿ ಅಡಿಕೆ ಚೀಲ, ಹಳೇ ಪೇಪರ್ ಇಟ್ಟ ಕಡೆ ಅದರ ಕೆಳಗೇ ದೀಪ ಬೇಡ. ಜೇಡರ ಬಲೆ, ಧೂಳನ್ನು ಆಗಾಗ ಒರೆಸಿ, ಅದೂ ಪೂರ್ತಿ ಆರಿದ ಮೇಲೆ. ಗೂಡಿಗೆ ನೀರು ಚಿಮುಕಿಸುವಾಗ ದೀಪದ ಕಡೆ ಹೋಗಬಾರದು, ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಒಡೆಯುತ್ತದೆ. ಬಲ್ಬಿಗೂ ಪ್ರಾಣಿಯ ಬೆನ್ನಿಗೂ ನಡುವೆ ಕನಿಷ್ಠ 25–30 ಸೆಂಟಿಮೀಟರ್ ಜಾಗ, ಮಧ್ಯೆ ಒಂದು ಜಾಲರಿ. ಈ ಪ್ರಾಣಿಗಳು ಬೆನ್ನು ಸುಡುತ್ತಿದ್ದರೂ ಎಷ್ಟೋ ಸಲ ಎದ್ದು ಹೋಗುವುದಿಲ್ಲ.

ಈಗ ಎಸ್‌ಟಿಸಿ-1000. ಕೈಗೆಟುಕುವ ಬೆಲೆ, ಮೂರು ಅಂಕಿಯ ಕೆಂಪು ಡಿಸ್‌ಪ್ಲೇ, ಹೀಟರನ್ನು ಹೊತ್ತಿಸಿ ಆರಿಸುವ ಒಳಗಿನ ಸ್ವಿಚ್ ಆಗಿ 10 ಆಂಪಿಯರ್ ರಿಲೇ. ಎಫ್1 ಎಂಬ ಸೆಟ್ಟಿಂಗ್‌ನಲ್ಲಿ ಬೇಕಾದ ಉಷ್ಣತೆ, ಎಫ್2ರಲ್ಲಿ ಎಷ್ಟು ಡಿಗ್ರಿ ಇಳಿದರೆ ಮತ್ತೆ ಹೊತ್ತಬೇಕು ಎಂಬುದು. ರಾತ್ರಿಗೆ 21, ವ್ಯತ್ಯಾಸ 1 ಡಿಗ್ರಿ ಇಟ್ಟಿದ್ದೇನೆ. ಡಿಸೆಂಬರ್ ಬೆಳಗಿನ ಜಾವ ಅದು ‘ಟಿಕ್’ ಅನ್ನುವುದು ಪಕ್ಕದ ಕೋಣೆಗೂ ಕೇಳುತ್ತದೆ. ಮಳೆಗಾಲದಲ್ಲಿ ಕೆಲವು ರಾತ್ರಿ ಹೊತ್ತುವುದೇ ಇಲ್ಲ.

ಆದರೆ ಇದರ ಹಿಂದೆ ಟರ್ಮಿನಲ್‌ಗಳು ಮುಚ್ಚಳವಿಲ್ಲದೆ ತೆರೆದೇ ಇರುತ್ತವೆ. ಮೇಜಿನ ಮೇಲೆ ಹಾಗೇ ಇಡುವ ವಸ್ತು ಅಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿ, ‘ಅಣ್ಣಾ, ಇದನ್ನ ಡಬ್ಬಿ ಒಳಗೆ ಕೂರಿಸ್ಲೇಬೇಕು, ಇರುವೆ ಹೊಕ್ಕರೆ ರಿಲೇ ಕತೆ ಮುಗೀತು’ ಎಂದರು. ಮಲೆನಾಡಿನವರಿಗೆ ಸ್ವಿಚ್ ಬೋರ್ಡಿನೊಳಗೆ ಇರುವೆ, ಹಲ್ಲಿ ಎಂದರೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮುಚ್ಚಳದ ಡಬ್ಬಿಯಲ್ಲಿ ಕೂರಿಸಿ, ಅರ್ಥಿಂಗ್ ಕೊಟ್ಟು, ಕರೆಂಟ್ ಸೋರಿದರೆ ಲೈನನ್ನು ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಲೈನಿಗೆ ಸೇರಿಸಿಕೊಟ್ಟರು.

ಅತಿ ಮುಖ್ಯವಾದದ್ದು ಉಷ್ಣತೆ ಅಳೆಯುವ ಸೆನ್ಸರ್ ಇರುವ ಜಾಗ. ಅದು ಗೂಡಿನಿಂದ ಜಾರಿ ಹೊರಗೆ ಬಿದ್ದರೆ ಹೊರಗಿನ ಚಳಿಯನ್ನೇ ಅಳೆಯುತ್ತದೆ, ಒಳಗೆ ಹೀಟರ್ ಉರಿಯುತ್ತಲೇ ಇರುತ್ತದೆ. ಹೀಟರ್‌ಗೆ ಬೆಳಕಿಲ್ಲವಾದ್ದರಿಂದ ನಿಮಗೆ ಗೊತ್ತೂ ಆಗುವುದಿಲ್ಲ. ಸೆನ್ಸರನ್ನು ಎರಡು ಕಡೆ ಬಿಗಿಯಾಗಿ ಕಟ್ಟಿ, ಕಲ್ಲೇಶಿಯ ಕಾಲಿಗೆ ಸಿಗದ ಹಾಗೆ. ರಿಲೇ ಹೊತ್ತಿದ ಸ್ಥಿತಿಯಲ್ಲೇ ಅಂಟಿಕೊಂಡರೂ ಇದೇ ಕತೆ. ಆದ್ದರಿಂದ ಜಾಸ್ತಿ ವ್ಯಾಟ್ ಸುಮ್ನೆ ಹಾಕಬೇಡಿ. ಹೀಟರ್ ಪೂರ್ತಿ ಉರಿದರೂ ಗೂಡಿನ ಇನ್ನೊಂದು ತುದಿ ತಂಪಾಗಿಯೇ ಇರಬೇಕು. ನಮ್ಮ ಗೂಡು ನಾಲ್ಕು ಅಡಿ ಉದ್ದ ಇರುವುದರಿಂದ ಇದು ಸಾಧ್ಯವಾಗಿದೆ.

ಹಗಲಿನ ಹ್ಯಾಲೊಜೆನ್‌ಗೆ ಈ ಥರ್ಮೋಸ್ಟಾಟ್ ಬೇಡ. ಆಗಾಗ ಹೊತ್ತಿ ಆರಿ ಪ್ರಾಣಿಗೂ ಕಿರಿಕಿರಿ, ಬಲ್ಬೂ ಬೇಗ ಹೋಗುತ್ತದೆ. ಅದಕ್ಕೆ ಟೈಮರ್, ಸರಪಳಿಯ ಎತ್ತರ ಸಾಕು. ಕಲ್ಲಿನ ಮೇಲೆ 38–42 ಡಿಗ್ರಿ, ತಂಪು ತುದಿಯಲ್ಲಿ 25ರ ಆಸುಪಾಸು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕಲ್ಲಿನ ಮೈಯನ್ನೇ ಅಳೆಯಿರಿ. ಬೆಳಿಗ್ಗೆ ಕಲ್ಲೇಶಿ ಕಪ್ಪಗಾಗಿ, ಮೈ ಅಗಲ ಮಾಡಿ ಕಲ್ಲಿಗೆ ಒರಗುತ್ತಾನೆ. ಬಿಸಿ ಏರಿದಂತೆ ಮಣ್ಣಿನ ಬಣ್ಣಕ್ಕೆ ತಿರುಗಿ, ಬಾಯಿ ಸ್ವಲ್ಪ ತೆರೆದು ಕೂರುತ್ತಾನೆ. ಆಮೇಲೆ ತಂಪಿನ ಕಡೆ ನಡೆಯುತ್ತಾನೆ. ಎಲ್ಲಾ ಸರಿಯಿದೆ ಅನ್ನೋದಕ್ಕೆ ಇದೇ ಗುರುತು. ರಾತ್ರಿಗೆ ಕೆಂಪು ಬಲ್ಬ್ ಬೇಡ, ಅವನಿಗೆ ನಿದ್ದೆಗೆ ಕತ್ತಲೆ ಬೇಕು.

ಕರೆಂಟ್ ಹೋದಾಗ ಏನು ಎಂದು ಹಲವರು ಕೇಳುತ್ತಾರೆ. ಹೀಟರನ್ನು ಇನ್ವರ್ಟರ್‌ಗೆ ಹಾಕಿಲ್ಲ. ಹತ್ತು ಗಂಟೆ ಬಿಡದೆ ಉರಿದರೆ ಒಂದು ಯುನಿಟ್, ಬ್ಯಾಟರಿ ಅದಕ್ಕೇ ಮುಗಿಯುತ್ತದೆ. ಆರೋಗ್ಯವಾಗಿರುವ, ಪೂರ್ತಿ ಬೆಳೆದ ಪ್ರಾಣಿ 18 ಡಿಗ್ರಿಯ ರಾತ್ರಿಯನ್ನು ತಡೆದುಕೊಳ್ಳುತ್ತದೆ. ಏಪ್ರಿಲ್–ಮೇನಲ್ಲಿ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತುಬಿಡುತ್ತೇನೆ. ಸಿಡಿಲಿನ ಊರಿನಲ್ಲಿ ಬೇರೆ ದಾರಿಯಿಲ್ಲ.

ಇವೆರಡೂ ದೀಪ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಕೊಡುವುದಿಲ್ಲ, ಅದಕ್ಕೆ ಬೇರೆ ಟ್ಯೂಬ್ ಬೇಕೇ ಬೇಕು. ಕಿಟಕಿ ಗಾಜಿನ ಬಿಸಿಲೂ ಆಗುವುದಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಸೆರಾಮಿಕ್ ಹೀಟರ್ ಮತ್ತು ಪಿಂಗಾಣಿ ಹೋಲ್ಡರಿನ ಬುಟ್ಟಿಗೆ ನನ್ನ ಕಡೆಯಿಂದ ಐದಕ್ಕೆ ಐದು. ಎಸ್‌ಟಿಸಿ-1000ಕ್ಕೆ ಮೂರೂವರೆ. ಎಲೆಕ್ಟ್ರಿಷಿಯನ್ ಸಿಗುವವರು ಇದನ್ನೇ ಕೊಳ್ಳಿ. ಸಿಗದಿದ್ದರೆ ನೇರವಾಗಿ ಪ್ಲಗ್‌ಗೆ ಹಾಕುವ, ಮುಚ್ಚಿದ ಮೈಯ ಥರ್ಮೋಸ್ಟಾಟ್‌ಗೆ ಸ್ವಲ್ಪ ಜಾಸ್ತಿ ಕೊಡಿ.